ಗೋಡೆಯೊಳಗಿನ ನೀರಿಗೆ ಕಿವಿಗೊಡುವ ಅಕ್ಕ

ಬೆಳಕು ಇನ್ನೂ ಕಿಟಕಿಯವರೆಗೆ ಬಂದಿಲ್ಲ. ಬಚ್ಚಲುಮನೆಯ ತಣ್ಣನೆಯ ನೆಲದ ಮೇಲೆ ಅಕ್ಕ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಮೊಳಕ್ಕಿಂತ ತುಸು ಉದ್ದದ ಕಬ್ಬಿಣದ ಕೋಲು. ಅದರ ಒಂದು ತುದಿ ಎರಡು ಟೈಲ್ಸ್ ನಡುವಿನ ಸಂದಿಗೆ ತಾಗಿದೆ. ಇನ್ನೊಂದು ತುದಿಗೆ ಕೂರಿಸಿದ ಮರದ ಬಿಲ್ಲೆ ಅವರ ಬಲಗಿವಿಗೆ ಒತ್ತಿಕೊಂಡಿದೆ. ಕಣ್ಣು ಮುಚ್ಚಿದೆ, ಬಾಯಿ ಕೊಂಚ ತೆರೆದಿದೆ. ಜ್ವರ ಬಂದ ಮಗುವಿನ ಉಸಿರಾಟ ಕೇಳಿಸಿಕೊಳ್ಳುವ ತಾಯಿಯ ಮುಖ ಹೀಗೆಯೇ ಇರುತ್ತದೆ.

"ಫ್ರಿಜ್ಜು ಗುಂಯ್ ಅಂತಿದೆ. ಅದನ್ನೂ ಆರಿಸ್ಬಿಡಮ್ಮ," ಎನ್ನುತ್ತಾರೆ ಕಣ್ಣು ತೆರೆಯದೆ.

ಬಾಗಿಲಲ್ಲಿ ನಿಂತಿದ್ದ ಮನೆಯ ಸೊಸೆ ಅಡುಗೆಮನೆಗೆ ಓಡುತ್ತಾಳೆ. ಫ್ಯಾನು ಆಗಲೇ ನಿಂತಿದೆ. ಗೋಡೆ ಗಡಿಯಾರದ ಬ್ಯಾಟರಿಯನ್ನೂ ಅಕ್ಕ ಬಂದ ಕೂಡಲೇ ತೆಗೆಸಿದ್ದಾರೆ. ಉಳಿದ ಮನೆಗಳವರು ಎದ್ದು ನಲ್ಲಿ ತಿರುಗಿಸುವ ಮೊದಲು ಈ ಕೆಲಸ ಮುಗಿಯಬೇಕು. ಒಂದು ಬಕೆಟ್ಟಿಗೆ ನೀರು ಬಿದ್ದರೂ ಸಾಕು, ಇಡೀ ಕಟ್ಟಡದ ಪೈಪುಗಳು ಮಾತಾಡತೊಡಗುತ್ತವೆ. ಆಮೇಲೆ ಯಾವ ಸದ್ದು ಯಾರದು ಎಂದು ತಿಳಿಯುವುದು ಸಂತೆಯಲ್ಲಿ ಪಿಸುಮಾತು ಹುಡುಕಿದ ಹಾಗೆ.

ಗೋಡೆ, ನೆಲದೊಳಗೆ ಎಲ್ಲಿ ನೀರು ಸೋರುತ್ತಿದೆ ಎಂದು ಕೇಳಿ ಹೇಳುವುದು ಅಕ್ಕನ ಕೆಲಸ. ಈ ಬೀದಿಗಳ ಹೆಂಗಸರು ಅವರನ್ನು ಕಿವಿಯಕ್ಕ ಎನ್ನುತ್ತಾರೆ. ರಿಪೇರಿಯವರು ಇಟ್ಟ ಹೆಸರು ಬೇರೆ. "ಗೋಡೆ ಡಾಕ್ಟರಮ್ಮ ಬಂದ್ರು ನೋಡ್ರೋ, ಇನ್ನು ನೆಲಕ್ಕೆ ಥರ್ಮಾಮೀಟರ್ ಇಡ್ತಾರೆ," ಎಂದು ನಗುತ್ತಾರಂತೆ. ಅವರ ಕೆಲಸ ನೋಡಲೆಂದು ಜೊತೆಗೆ ಬಂದಿರುವ ನನಗೆ ಅದನ್ನು ಹೇಳುವಾಗ ಅಕ್ಕನೂ ನಗುತ್ತಾರೆ. "ಡಾಕ್ಟರ್ ಅಂದ್ರಲ್ಲ, ಕಾಂಪೌಂಡರ್ ಅನ್ಲಿಲ್ಲ, ಅಷ್ಟಾದ್ರೂ ಮರ್ಯಾದೆ ಕೊಟ್ರು ಬಿಡಿ."

ಇವತ್ತಿನ ಮನೆಯ ಸಂಕಟ ಬಚ್ಚಲಿನದಲ್ಲ, ಅದರ ಪಕ್ಕದ ಕೋಣೆಯದು. ಅಲ್ಲಿ ಸೊಂಟದ ಮೂಳೆ ಮುರಿದ ಅತ್ತೆ ಮಲಗಿದ್ದಾರೆ. ಮೂಳೆ ಈಗಷ್ಟೇ ಕೂಡಿಕೊಳ್ಳುತ್ತಿದೆ, ಅಲುಗಾಡಿಸಬೇಡಿ ಎಂದಿದ್ದಾರೆ ವೈದ್ಯರು. ಅವರ ಮಂಚದ ಪಕ್ಕದ ಗೋಡೆ ಒದ್ದೆಯಾಗಿ ಬಣ್ಣ ಉದುರಿಸುತ್ತಿದೆ. ಮೇಸ್ತ್ರಿ ಬಂದು ನೋಡಿ, ಬಚ್ಚಲಿನ ನೆಲ ಪೂರ್ತಿ ಕೀಳಬೇಕು, ಈ ಗೋಡೆಯನ್ನೂ ಒಡೆಯಬೇಕು, ಅತ್ತೆಯನ್ನು ಬೇರೆಲ್ಲಾದರೂ ಸಾಗಿಸಿ ಎಂದು ಹೇಳಿ ಹೋಗಿದ್ದಾರೆ. ಬೇರೆಲ್ಲಾದರೂ ಎಂದರೆ ಮಗಳ ಮನೆ. ಇಲ್ಲಿಂದ ಮೂರು ಮಹಡಿ ಇಳಿಸಬೇಕು, ಅಲ್ಲಿ ಮತ್ತೆ ಹತ್ತಿಸಬೇಕು. ಸೊಸೆಯ ಗಂಡ ಲಾರಿ ಓಡಿಸುವವನು; ದೂರದ ಊರಿನಿಂದ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮೇಸ್ತ್ರಿ ಹೇಳಿದ ಹಾಗೆ ಮಾಡು, ಅವರಿಗೆ ಗೊತ್ತಿರುತ್ತೆ." ಮೇಸ್ತ್ರಿ ಆಳುಗಳೊಡನೆ ಇವತ್ತು ಬೆಳಿಗ್ಗೆಯೇ ಬರುವವರಿದ್ದಾರೆ.

"ನಲ್ಲಿಯಿಂದ ಈ ಮೂಲೆ ಕಡೆ ಸುಯ್ ಅನ್ನೋ ಸದ್ದು ಬರುತ್ತೆ ಅಂತ ನಾನು ಅವರಿಗೆ ಹೇಳ್ದೆ ಅಕ್ಕ," ಎನ್ನುತ್ತಾಳೆ ಸೊಸೆ. ಮನೆಯಲ್ಲೇ ಬಟ್ಟೆ ಹೊಲಿಯುವವಳು ಅವಳು, ಮೆಷಿನ್ನಿನ ಸದ್ದು ಸ್ವಲ್ಪ ಬದಲಾದರೂ ಗೊತ್ತಾಗುವ ಕಿವಿ. "ಅದಕ್ಕವರು, 'ಅಮ್ಮಾ, ಹೆಂಗಸರಿಗೆ ಅದೆಲ್ಲ ಹಾಗೇ ಕೇಳ್ಸುತ್ತೆ' ಅಂದ್ರು."

ಅಕ್ಕ ತಾವೇ ಈ ಮಾತು ಕೇಳಿಸಿಕೊಂಡು ಈ ದಾರಿಗೆ ಬಂದವರು. ಬಾಡಿಗೆ ಮನೆಯಲ್ಲಿದ್ದಾಗ ಕಪಾಟಿನ ಹಿಂದೆ ನೀರು ಹರಿಯುವ ಸದ್ದು ಕೇಳುತ್ತಿದೆ ಎಂದರೆ ರಿಪೇರಿಯವನು ಕಪಾಟು ಸರಿಸಿಯೂ ನೋಡಲಿಲ್ಲ. ಅಡುಗೆಮನೆ ಅಗೆದ, ಹಜಾರ ಅಗೆದ. ಕೊನೆಗೆ ನೀರು ಸಿಕ್ಕಿದ್ದು ಕಪಾಟಿನ ಹಿಂದೆಯೇ. "ಅವನಿಗೆ ನಾಚಿಕೆ ಆಗ್ಲಿಲ್ಲ. ನನಗೆ ಆಯ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡು ಧೂಳು ಗುಡಿಸ್ತಾ ಕೂತಿದ್ದೆನಲ್ಲ ಅಂತ." ಆಮೇಲೆ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಅಲ್ಲಿನ ಮುದುಕ ಆಪರೇಟರ್ ಯಂತ್ರಕ್ಕೆ ಕೋಲು ಹಚ್ಚಿ ಅದರ ಒಳಗಿನ ಸದ್ದು ಕೇಳುತ್ತಿದ್ದ. ಅಕ್ಕ ಪೊರಕೆ ಪಕ್ಕಕ್ಕಿಟ್ಟು, ತಾನೂ ಒಮ್ಮೆ ಕೇಳಲೇ ಎಂದು ಕೈ ಚಾಚಿದರು. ಈಗ ಹಿಡಿದಿರುವುದು ಅದೇ ಕೋಲು. ನಿವೃತ್ತನಾಗುವಾಗ ಅವನು ಕೊಟ್ಟು ಹೋದದ್ದು.

ಬೆಳಿಗ್ಗೆ ಹೆಚ್ಚೆಂದರೆ ಎರಡು ಮನೆ. ಊರು ಎದ್ದ ಮೇಲೆ ಕೋಲು ಚೀಲ ಸೇರುತ್ತದೆ, ಅಕ್ಕ ಮೆಟ್ಟಿಲ ಕೆಳಗಿನ ತಮ್ಮ ಗೂಡಿನಲ್ಲಿ ಸಂಜೆಯವರೆಗೂ ಬಟ್ಟೆ ಇಸ್ತ್ರಿ ಮಾಡುತ್ತಾರೆ. ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಇಸ್ತ್ರಿಪೆಟ್ಟಿಗೆಯೇ, ಕೋಲಲ್ಲ.

ಈಗ ಅವರು ಟೈಲ್ಸ್ ಮೇಲೆ ಬೆರಳ ಗಣ್ಣಿನಿಂದ ತಟ್ಟುತ್ತಾ ಹೋಗುತ್ತಾರೆ. ಟಕ್, ಟಕ್, ಟೊಳ್. ಟೊಳ್ ಎಂದ ಕಡೆ ಕೋಲು ಇಡುವುದೇ ಇಲ್ಲ. "ಕೆಳಗೆ ಪೊಳ್ಳಿರೋ ಟೈಲ್ಸು ಚಾಡಿಕೋರರ ಹಾಗೆ. ಎಲ್ಲೋ ಆಡಿದ ಸಣ್ಣ ಮಾತನ್ನ ದೊಡ್ಡದು ಮಾಡಿ ಹೇಳುತ್ತೆ." ಇದು ಕಲಿತದ್ದು ಏಟು ತಿಂದು. ಶುರುವಿನಲ್ಲೊಮ್ಮೆ ಸದ್ದು ಜೋರಾಗಿದ್ದ ಕಡೆ ಗುರುತು ಹಾಕಿದರು. ಒಡೆದರೆ ಹನಿ ನೀರಿಲ್ಲ. "ಬೈಸ್ಕೊಂಡಿದ್ದು ನಾನಲ್ಲ. ನಾನು ಮನೆಗೆ ಹೋದೆ. ನನ್ನ ಕರೆಸಿದ ಆ ಹೆಣ್ಣುಮಗಳು ವರ್ಷಗಟ್ಟಲೆ ಮನೆಯವರ ಹತ್ರ ಅನ್ನಿಸ್ಕೊಂಡ್ಳು."

ಇವತ್ತು ತಪ್ಪಾದರೆ ಅನ್ನಿಸಿಕೊಳ್ಳಬೇಕಾದವಳು ಈ ಸೊಸೆ. ಮೂರು ಮಹಡಿ ಇಳಿಯಬೇಕಾದವರು ಅತ್ತೆ.

ನಲ್ಲಿಯಿಂದ ಮೂಲೆಯ ಕಡೆಗೆ ನಾಲ್ಕಾರು ಕಡೆ ಕೋಲಿಟ್ಟು ಕೇಳಿದ ಅಕ್ಕ ಒಂದು ಕಡೆ ತಡೆಯುತ್ತಾರೆ. ಮತ್ತೆ ಕೇಳುತ್ತಾರೆ. ಅವರ ಹುಬ್ಬು ಸಡಿಲವಾಗುತ್ತದೆ. ನನಗೆ ಗೊತ್ತಾಗುತ್ತದೆ, ಸಿಕ್ಕಿತು. ಆದರೆ ಅಕ್ಕ ಗುರುತು ಹಾಕುವುದಿಲ್ಲ. ಎದ್ದು ಕೋಲನ್ನು ಸೊಸೆಯ ಕೈಗೆ ಕೊಡುತ್ತಾರೆ.

"ಈಗ ನೀನು."

"ಅಯ್ಯೋ, ನನಗೇನು ಬರುತ್ತೆ ಅಕ್ಕ! ನೀವೇ ಗುರುತು ಹಾಕ್ಬಿಡಿ."

"ಕಿವಿ ಇದೆಯಲ್ಲ? ಕೂತ್ಕೋ."

ಸೊಸೆ ಕೂರುತ್ತಾಳೆ. ಮೊದಲು ಅವಳಿಗೆ ತನ್ನ ಎದೆಬಡಿತವೇ ಕೇಳುತ್ತದೆ. ಅಕ್ಕ ಹೊರಗಿನ ವಾಲ್ವ್ ಮುಚ್ಚುತ್ತಾರೆ, ತೆರೆಯುತ್ತಾರೆ. ಮುಚ್ಚಿದಾಗ ನಿಂತು, ತೆರೆದಾಗ ಮರಳುವ ಸದ್ದೇ ಸೋರಿಕೆಯದು. ಉಳಿದದ್ದೆಲ್ಲ ಬರಿಯ ಗಲಾಟೆ. ಸೊಸೆ ಒಂದೊಂದೇ ಗೇಣು ಸರಿಯುತ್ತಾಳೆ, ತಪ್ಪುತ್ತಾಳೆ, ಹಿಂದಕ್ಕೆ ಬರುತ್ತಾಳೆ. ಅಕ್ಕ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಾರೆ. ಕಣ್ಸನ್ನೆಯೂ ಇಲ್ಲ. ಕೊನೆಗೆ ಮೂಲೆಗಿಂತ ಸ್ವಲ್ಪ ಈಚೆಗೆ ಸೊಸೆಯ ಕೈ ನಿಲ್ಲುತ್ತದೆ. "ಇಲ್ಲಿ," ಎನ್ನುತ್ತಾಳೆ ಪಿಸುದನಿಯಲ್ಲಿ. ಅಕ್ಕ ಸೀಮೆಸುಣ್ಣ ಕೊಡುತ್ತಾರೆ. ಗುರುತು ಬೀಳುವುದು ಅವಳ ಕೈಯಿಂದ.

ಕರೆದ ಪ್ರತಿ ಮನೆಯಲ್ಲೂ ಹೀಗೆಯೇ. ನೀವೇ ಹಾಕಬಹುದಲ್ಲ ಎಂದು ಕೇಳುತ್ತೇನೆ. "ನಾನು ಹಾಕಿದ್ರೂ ಮೇಸ್ತ್ರಿ ನಂಬಲ್ಲ, ಅವಳು ಹಾಕಿದ್ರೂ ನಂಬಲ್ಲ," ಎನ್ನುತ್ತಾರೆ ಅಕ್ಕ. "ಆದ್ರೆ ನನ್ನ ಗುರುತಾದ್ರೆ, ಅವನು ಒಂದು ಸಲ ಜೋರು ಮಾಡಿದ ಕೂಡ್ಲೆ ಇವಳು ಬಿಟ್ಕೊಡ್ತಾಳೆ. ತಾನೇ ಕೇಳಿ ಹಾಕಿದ್ದನ್ನ ಬಿಡಲ್ಲ."

ಮೇಸ್ತ್ರಿ ಬರುವ ಹೊತ್ತಿಗೆ ಅಕ್ಕ ಅತ್ತೆಯ ಕೋಣೆ ಸೇರಿ ಮಂಚದ ಪಕ್ಕ ಕೂತಿದ್ದಾರೆ. ಬಚ್ಚಲ ಬಾಗಿಲಲ್ಲಿ ಸೊಸೆ ಒಬ್ಬಳೇ. ಒಳಗೆ ಕೂತ ನಮಗೆ ಪ್ರತಿ ಮಾತೂ ಕೇಳುತ್ತಿದೆ.

"ಅತ್ತೇನ ಸಾಗಿಸಿಲ್ವಾ ಇನ್ನೂ? ಯಜಮಾನ್ರು ಇಲ್ವಾ ಮನೇಲಿ?"

"ಇಲ್ಲ. ಮೊದಲು ಇಲ್ಲೊಂದು ಟೈಲ್ಸ್ ಒಡೀರಿ. ಇಲ್ಲೇ ಸೋರ್ತಿರೋದು."

ಆಳುಗಳು ಕಿಸಕ್ಕನೆ ನಗುತ್ತಾರೆ. "ಅಮ್ಮಾ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನೀವು ಒಳಗೆ ಹೋಗಿ, ಧೂಳು ಬರುತ್ತೆ."

"ಧೂಳು ಒರೆಸೋಳು ನಾನೇ ಅಲ್ವಾ? ಬರ್ಲಿ ಬಿಡಿ."

"ಯಜಮಾನ್ರಿಗೆ ಫೋನ್ ಹಚ್ಚಿ ಕೊಡಿ, ನಾನೇ ಮಾತಾಡ್ತೀನಿ."

"ಅವರಿಗೆ ಅಲ್ಲಿಂದ ಕೇಳ್ಸಲ್ಲ. ನನಗೆ ಕೇಳ್ಸಿದೆ. ಒಡೀರಿ."

ಉಳಿ ಸುತ್ತಿಗೆಯ ಪೆಟ್ಟು ಬೀಳುತ್ತದೆ. ಮಂಚ ಸಣ್ಣಗೆ ನಡುಗುತ್ತದೆ. ಅತ್ತೆ ಕಣ್ಣು ಬಿಗಿದುಕೊಳ್ಳುತ್ತಾರೆ, ಅಕ್ಕ ಅವರ ಕೈ ಹಿಡಿದುಕೊಳ್ಳುತ್ತಾರೆ. ಟೈಲ್ಸ್ ಕಿತ್ತು ಬಂದ ಸದ್ದು. ಆಮೇಲೆ ಮೇಸ್ತ್ರಿಯ ಗೆದ್ದ ದನಿ: "ನೋಡಿದ್ರಾ? ಒಣ ಸಿಮೆಂಟು. ಬೂದಿ ಬೂದಿ. ಸುಮ್ನೆ ಒಂದು ಟೈಲ್ಸ್ ಹಾಳಾಯ್ತು. ನಾನು ಹೇಳಿದ್ದು ಕೇಳ್ಬೇಕಿತ್ತು ತಾನೇ?"

ನಾನು ಅಕ್ಕನ ಮುಖ ನೋಡುತ್ತೇನೆ. ಬಣ್ಣ ಇಳಿದುಹೋಗಿದೆ. ಆದರೂ ಕೂತಲ್ಲಿಂದ ಅಲುಗುವುದಿಲ್ಲ.

ಸೊಸೆ ಕೋಣೆಗೆ ಬರುತ್ತಾಳೆ. ಮಂಚದ ಕಾಲಿಗೆ ಒರಗಿಸಿದ್ದ ಕೋಲು ಎತ್ತಿಕೊಂಡು ಹಾಗೆಯೇ ಹಿಂದಿರುಗುತ್ತಾಳೆ. ನಾನು ಎದ್ದು ಬಾಗಿಲಿಗೆ ಬರುತ್ತೇನೆ. ನಾಲ್ಕು ಗಂಡಸರ ನಡುವೆ ಅವಳು ಮಂಡಿಯೂರಿ, ಒಡೆದ ಕುಳಿಯೊಳಕ್ಕೆ ಕೋಲಿಟ್ಟು, ಕಿವಿ ಕೊಟ್ಟಿದ್ದಾಳೆ. "ಶ್!" ಎನ್ನುತ್ತಾಳೆ. ಇಪ್ಪತ್ತು ವರ್ಷದ ಅನುಭವದ ಮೇಸ್ತ್ರಿ ಬಾಯಿ ಮುಚ್ಚುತ್ತಾರೆ.

"ಪೈಪು ಇನ್ನೂ ಆಳದಲ್ಲಿದೆ. ಅಗೀರಿ."

ಅವಳು ಹೇಳಿದ ರೀತಿಗೋ ಏನೋ, ಈ ಸಲ ಆಳು ಮೇಸ್ತ್ರಿಯ ಮುಖ ನೋಡದೆ ಉಳಿ ಎತ್ತುತ್ತಾನೆ. ಬೂದಿ ಬಣ್ಣದ ಸಿಮೆಂಟು, ಆಮೇಲೆ ಕಪ್ಪಗಾದ ಮರಳು, ಆಮೇಲೆ ಕೆಸರು. ಪೈಪಿನ ಜೋಡಣೆಯಿಂದ ಹೊಲಿಗೆಯ ದಾರದಷ್ಟು ತೆಳ್ಳಗಿನ ನೀರು ಚಿಮ್ಮಿ ಅವಳ ಕೆನ್ನೆಗೆ ತಾಗುತ್ತದೆ. ಒರೆಸಿಕೊಳ್ಳುವುದನ್ನೂ ಮರೆತು ಕೂತಿದ್ದಾಳೆ. ಇಷ್ಟು ಸಣ್ಣ ನೀರಿನ ಎಳೆ, ಇಷ್ಟು ಆಳದಲ್ಲಿ ಆಡಿದ ಮಾತನ್ನು ಈ ಇಬ್ಬರು ಕೇಳಿಸಿಕೊಂಡರಲ್ಲ!

ಮೇಸ್ತ್ರಿ ಗಂಟಲು ಸರಿಮಾಡಿಕೊಳ್ಳುತ್ತಾರೆ. "ನಾನೂ ಇಲ್ಲೇ ಇರ್ಬೇಕು ಅಂತ ಅನ್ಕೊಂಡಿದ್ದೆ."

"ಅನ್ಕೊಂಡಿದ್ದವನು ಬಾಯಿಬಿಟ್ಟು ಹೇಳೋದಲ್ವೇನಪ್ಪಾ!" ಒಳಗಿನಿಂದ ಅತ್ತೆಯ ದನಿ ಖಣಿಲ್ಲನೆ ಬರುತ್ತದೆ. "ಸೊಂಟ ಮುರಿದವಳನ್ನ ಮೂಟೆ ಹಾಗೆ ಇಳಿಸೋಕೆ ಹೊರಟಿದ್ಯಲ್ಲ!" ಆಳುಗಳು ಮುಖ ತಿರುಗಿಸಿ ನಗು ನುಂಗುತ್ತಾರೆ. ಮಧ್ಯಾಹ್ನದೊಳಗೆ ಪೈಪಿನ ತುಂಡು ಬದಲಾಗುತ್ತದೆ. ಗೋಡೆಗೆ ಒಂದು ಪೆಟ್ಟೂ ಬೀಳುವುದಿಲ್ಲ, ಮಂಚ ಇದ್ದಲ್ಲೇ ಇದೆ. ಅಲ್ಲಿ ಅಕ್ಕ ಎಂಬುವರೊಬ್ಬರು ಇದ್ದರು ಎಂದು ಮೇಸ್ತ್ರಿಗೆ ಗೊತ್ತೇ ಆಗುವುದಿಲ್ಲ.

ಇಸ್ತ್ರಿಯ ಗೂಡಿನಲ್ಲಿ ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿರುವ ಅಕ್ಕನನ್ನು ಕೇಳುತ್ತೇನೆ: ಒಣ ಸಿಮೆಂಟು ಬಂದಾಗ ಎದ್ದು ಹೋಗಿ, ಇನ್ನೂ ಆಳಕ್ಕೆ ಅಗೆಯಿರಿ ಎಂದು ಒಂದು ಮಾತು ಹೇಳಬಹುದಿತ್ತಲ್ಲ?

"ಜೀವ ಬಾಯಿಗೆ ಬಂದಿತ್ತು ಕಣಮ್ಮ. ಆ ಅತ್ತೆಯಮ್ಮನ ಕೈ ಎಷ್ಟು ಹಿಸುಕಿದ್ನೋ, 'ಸೊಂಟ ಆಯ್ತು, ಇನ್ನು ಬೆರಳೂ ಮುರೀತೀಯಾ' ಅಂತ ಬೈದ್ರು." ಅಂಗಿಯನ್ನು ಮಡಿಸಿ, ಅಂಗೈಯಿಂದ ಒಮ್ಮೆ ನೇವರಿಸಿ ಪಕ್ಕಕ್ಕಿಡುತ್ತಾರೆ. "ಸದ್ದು ಕೇಳೋದನ್ನ ಆ ಮುದುಕಪ್ಪ ಕಲಿಸಿಕೊಟ್ಟ. ಹಾಗೆ ಏಳದೆ ಕೂತಿರೋದನ್ನ ಮಾತ್ರ ನಾನೇ ಕಲಿತಿದ್ದು."