ನಡುಮನೆಯ ಪಿಯಾನೊ

"ಅಣ್ಣಾ, ಇದು ಸಾಮಾನಲ್ಲ, ಸತ್ತ ಆನೆ. ಬದುಕಿರೋ ಆನೆ ಆಗಿದ್ರೆ ತಾನೇ ನಡ್ಕೊಂಡು ಆಚೆ ಹೋಗೋದು," ಎಂದ ಗುಜರಿಯವನು.

"ಬೊಗಳೆ ಬೇಡ. ಒಯ್ತೀಯೋ ಇಲ್ವೋ?"

"ಇಡಿಯಾಗಿ ಒಯ್ದು ನಾನೇನು ಬಾರಿಸ್ಲಾ? ಬಿಚ್ಚಿ ಕೊಡಿ. ಕಬ್ಬಿಣ ಬೇರೆ, ತಂತಿ ಬೇರೆ, ಮರ ಬೇರೆ. ಗಾಡಿ ತರ್ತೀನಿ."

ಕಿಡಿ ಹೂಂ ಎಂದ. ಬೀದಿಯವರೆಲ್ಲ ಅವನನ್ನು ಕಿಡಿ ಅಂತಲೇ ಕರೆಯುವುದು. ವೆಲ್ಡಿಂಗ್ ಕೆಲಸದವನು ಅನ್ನುವುದಕ್ಕೆ ಅರ್ಧ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದಕ್ಕೆ ಅರ್ಧ. ಪಿಯಾನೊ ಮಾರುವ ಅಂಗಡಿಯವನು ಬಂದು ನೋಡಿ ಮೂಗು ಮುರಿದು ಹೋಗಿದ್ದ. ಶಾಲೆಯವರು ಪುಕ್ಕಟೆ ಕೊಟ್ಟರೂ ಬೇಡ ಅಂದಿದ್ದರು. ಆದರೂ ಕಿಡಿಗೆ ಅದು ಮನೆಯಿಂದ ಹೋಗಲೇಬೇಕಿತ್ತು. ಯಾಕೆ ಹೋಗಬೇಕು ಎಂದು ತಮ್ಮನ ಹೆಂಡತಿಗೆ ತಿಳಿಯುವುದರೊಳಗೆ ಹೋಗಬೇಕಿತ್ತು.

ಆ ಮನೆಯಲ್ಲಿ ಪಿಯಾನೊ ಬಾರಿಸಲು ಬರುವವರು ಯಾವ ಕಾಲಕ್ಕೂ ಇರಲಿಲ್ಲ. ಅಪ್ಪ ಒಂದು ಕ್ಲಬ್ಬಿನಲ್ಲಿ ಕಸ ಗುಡಿಸುತ್ತಿದ್ದ. ಕ್ಲಬ್ಬು ಮುಚ್ಚಿದಾಗ ಕುರ್ಚಿ ಮೇಜುಗಳನ್ನೆಲ್ಲ ಜನ ಹೊತ್ತುಕೊಂಡು ಹೋದರು. ಪಿಯಾನೊ ಯಾರಿಗೂ ಬೇಡವಾಗಿ ಉಳಿಯಿತು. ಅಪ್ಪ ಕೈಗಾಡಿಯ ಮೇಲೆ ಹೇರಿಕೊಂಡು ಬಂದ. "ದೊಡ್ಡೋರ ಸಾಮಾನು, ಇರ್ಲಿ" ಅಂದ. ಅದರ ಮೇಲೆ ಒಗೆದ ಬಟ್ಟೆ ಮಡಿಚಿಡುತ್ತಿದ್ದರು, ಅಷ್ಟೆ.

ಅಪ್ಪ ಅಮ್ಮ ಹೋದಾಗ ತಮ್ಮನಿಗಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಕಿಡಿ ಶಾಲೆ ಬಿಟ್ಟು ಗ್ರಿಲ್ ಮಾಡುವ ಶೆಡ್ಡು ಸೇರಿದ. ಅನ್ನ ಮಾಡಿ ಹಾಕಿದ, ಸ್ನಾನ ಮಾಡಿಸಿದ, ಬೈದ, ಹೊಡೆದ, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡ. ತನ್ನ ಮದುವೆಯ ಮಾತು ಬಂದಾಗೆಲ್ಲ "ಚಿಕ್ಕೋನು ಒಂದು ದಾರಿಗೆ ಬರ್ಲಿ" ಅನ್ನುತ್ತಿದ್ದ. ಚಿಕ್ಕವನು ಇಸ್ತ್ರಿ ಅಂಗಡಿ ಇಟ್ಟ, ಮದುವೆಯನ್ನೂ ಆದ. ಕಿಡಿ ಹಾಗೇ ಉಳಿದ.

ಮದುವೆಯಾದ ಹೊಸತರಲ್ಲಿ ತಮ್ಮ ಗಿರಾಕಿಯೊಬ್ಬನ ಕೋಟು ಸುಟ್ಟ. ಆ ಮನುಷ್ಯ ಮನೆ ಬಾಗಿಲಿಗೇ ಬಂದು ಕೂಗಾಡಿದ. ಕಿಡಿಗೆ ಮಾನ ಹೋದಂತಾಯಿತು. ಗಿರಾಕಿಯ ಮುಂದೆ, ಹೊಸ ಹೆಂಡತಿಯ ಮುಂದೆ, ತಮ್ಮನ ಕೆನ್ನೆಗೆ ಬಾರಿಸಿಬಿಟ್ಟ. ತಮ್ಮ ಅಳಲಿಲ್ಲ, ತಿರುಗಿ ಮಾತಾಡಲಿಲ್ಲ. ಅವತ್ತಿನಿಂದ ಮಾತೇ ಆಡಲಿಲ್ಲ.

ಮಾರನೆಯ ದಿನ ಮನೆ ಎರಡಾಯಿತು. ಮುಂಬಾಗಿಲು ಅಣ್ಣನಿಗೆ, ಹಿಂಬಾಗಿಲು ತಮ್ಮನಿಗೆ. ಗೋಡೆ ಕಟ್ಟಿಸಲು ಯಾರಿಗೆ ಪುರುಸೊತ್ತು? ನಡುಮನೆಗೆ ಅಡ್ಡಲಾಗಿ ಪಿಯಾನೊ ತಳ್ಳಿ, ಉಳಿದ ಸಂದಿಗೆ ಬೀರು ನಿಲ್ಲಿಸಿ, ಮೇಲೆ ಸೂರಿನವರೆಗೆ ಪ್ಲೈವುಡ್ ಹೊಡೆದರು. ಪಿಯಾನೊದ ಆ ತುದಿ ಒಬ್ಬ, ಈ ತುದಿ ಒಬ್ಬ ಹಿಡಿದು ಒಂದು ಮಾತೂ ಇಲ್ಲದೆ ಎಳೆದರು. ಇಬ್ಬರೂ ಸೇರಿ ಮಾಡಿದ ಕೊನೆಯ ಕೆಲಸ ಅದೇ. ಬಾರಿಸುವ ಮುಖ ಅಣ್ಣನ ಕಡೆಗೆ ಬಂತು, ಬೆನ್ನು ತಮ್ಮನ ಕಡೆಗೆ.

ಮಾತು ನಿಂತರೂ ಜಗಳ ನಿಲ್ಲಬೇಕಲ್ಲ. ಶೆಡ್ಡಿನ ಸದ್ದಿಗೆ ಕಿವಿ ಮಂದವಾಗಿದ್ದ ಕಿಡಿ ರೇಡಿಯೊ ಜೋರಾಗಿ ಹಾಕುತ್ತಿದ್ದ. ತಮ್ಮ ಆ ಕಡೆಯಿಂದ ಪಿಯಾನೊದ ಬೆನ್ನಿಗೆ ಅಂಗೈಯಿಂದ ಬಡಿಯುತ್ತಿದ್ದ. ಒಳಗಿನ ತಂತಿಗಳೆಲ್ಲ ಗುಂಯ್ ಅನ್ನುತ್ತಿದ್ದವು. ಸದ್ದು ಕಡಿಮೆ ಮಾಡು ಅಂತ ಅರ್ಥ. ಕಿಡಿ ಮುಚ್ಚಳ ಎತ್ತಿ ಎಡಗಡೆಯ ದಪ್ಪ ಸ್ವರದ ಕೀಗಳ ಮೇಲೆ ಮುಷ್ಟಿಯಿಂದ ಗುದ್ದುತ್ತಿದ್ದ. ಬಾಯಿ ಮುಚ್ಕೊಂಡು ಬಿದ್ಕೋ ಅಂತ ಅರ್ಥ. ಇಡೀ ಬೀದಿಗೆ ಕೇಳುತ್ತಿತ್ತು. ತಮ್ಮನ ಮಗಳು ಹುಟ್ಟಿ ಮಾತು ಕಲಿತ ಮೇಲೆ "ಅಪ್ಪಾ, ದೊಡ್ಡಪ್ಪ ಬೈದ್ರು" ಎಂದು ಕೈ ತಟ್ಟಿ ನಗುತ್ತಿದ್ದಳು. ಕಿಡಿ ಈ ಕಡೆ ಮೀಸೆಯಲ್ಲೇ ನಗುತ್ತಿದ್ದ. ಯಾವತ್ತಾದರೂ ಆ ಕಡೆಯಿಂದ ಬಡಿತ ಬರದಿದ್ದರೆ ರೇಡಿಯೊ ಇನ್ನಷ್ಟು ಏರಿಸುತ್ತಿದ್ದ. ಬಡಿತ ಬಂದರೆ, ಸದ್ಯ, ಇದ್ದಾನೆ, ಎಂದು ಸಮಾಧಾನ.

ಆ ಭಾನುವಾರ ಮಧ್ಯಾಹ್ನ ತಮ್ಮನ ಹೆಂಡತಿ ಮಗಳನ್ನು ಕರೆದುಕೊಂಡು ತೌರಿಗೆ ಹೋಗಿದ್ದಳು. ಕಿಡಿ ರೇಡಿಯೊ ಹಚ್ಚಿಕೊಂಡು ಮಲಗಿದ್ದ. ಪಿಯಾನೊದ ಬೆನ್ನಿಗೆ ಬಡಿದ ಸದ್ದಾಯಿತು. ಎದ್ದು ಗುದ್ದಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಡಿತ, ಮೊದಲಿನಷ್ಟು ಜೋರಿಲ್ಲ. ಸೋಲ್ತಿದ್ದಾನೆ ಮಗ, ಅಂದುಕೊಂಡು ಕಿಡಿ ಇನ್ನೂ ಜೋರಾಗಿ ಗುದ್ದಿದ. ಆಮೇಲೆ ಸದ್ದಿಲ್ಲ. ಗೆದ್ದೆ ಎಂದು ನಿದ್ದೆ ಹೋದ.

ಸಂಜೆ ತೌರಿನಿಂದ ಮರಳಿದ ತಮ್ಮನ ಹೆಂಡತಿಯ ಚೀರಾಟ ಕೇಳಿ ಸುತ್ತು ಹಾಕಿಕೊಂಡು ಓಡಿದ. ತಮ್ಮ ಪಿಯಾನೊದ ಬೆನ್ನಿಗೆ ಕೆನ್ನೆ ಆನಿಸಿಕೊಂಡು ಕುಸಿದಿದ್ದ. ಹೃದಯ ನಿಂತಿದೆ ಎಂದರು ಡಾಕ್ಟರು. ಬೇಗ ತಂದಿದ್ದರೆ ನೋಡಬಹುದಿತ್ತು ಎಂದೂ ಅಂದರು.

ಆ ಬಡಿತಗಳ ವಿಷಯ ಕಿಡಿ ಯಾರಿಗೂ ಬಾಯಿ ಬಿಡಲಿಲ್ಲ. ರೇಡಿಯೊವನ್ನು ಶೆಡ್ಡಿಗೆ ಒಯ್ದು ಅಲ್ಲೇ ಬಿಟ್ಟ. ಪಿಯಾನೊ ಮಾತ್ರ ಎದುರಿಗೇ ಇತ್ತು. ಅದರ ಕಡೆ ಬೆನ್ನು ಹಾಕಿ ಮಲಗಿದರೂ ನಿದ್ದೆ ಬರುತ್ತಿರಲಿಲ್ಲ. ಅತ್ತ ತಮ್ಮನ ಹೆಂಡತಿ ದಿನಾ ಮಗಳ ಕೈಯಲ್ಲಿ ಊಟದ ತಟ್ಟೆ ಕಳಿಸಲು ಶುರುಮಾಡಿದ್ದಳು. ಆ ಮಗು ಬೀದಿ ಸುತ್ತಿಕೊಂಡು ತಟ್ಟೆ ತಂದು, "ದೊಡ್ಡಪ್ಪಾ, ಬಿಸಿ ಇದೆ" ಅನ್ನುವಾಗ ಕಿಡಿ ಅದರ ಮುಖ ನೋಡದೆ ತಟ್ಟೆ ಇಸಿದುಕೊಳ್ಳುತ್ತಿದ್ದ.

ಗುಜರಿಯವನು ಗಾಡಿ ತರುತ್ತೇನೆಂದ ದಿನ ಕಿಡಿ ಹಿಂಬಾಗಿಲಿಗೆ ಹೋಗಿ ನಿಂತ.

"ಪಿಯಾನೊಗೆ ಗೆದ್ದಲು ಹಿಡಿದಿದೆ ಕಣಮ್ಮ. ತೆಗೆಸ್ಬಿಡ್ತೀನಿ."

ಅವಳು ಅವನ ಮುಖವನ್ನೇ ನೋಡಿದಳು. "ನಿಮ್ಮಿಷ್ಟ ಭಾವ" ಅಂದಳು.

ಕಿಡಿ ತಾನೇ ಕೈ ಹಾಕಿದ. ಪ್ಲೈವುಡ್ ಇಳಿಸಿದ. ಮುಂದಿನ ಹಲಗೆ ಬಿಚ್ಚಿದ, ಕೀಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿದ. ತಂತಿಗಳನ್ನು ಹಾಗೇ ಕತ್ತರಿಸಿದರೆ ಸಿಡಿದು ಕಣ್ಣಿಗೆ ಬಡಿಯುತ್ತವೆ. ಸ್ಪ್ಯಾನರಿನಿಂದ ತಂತಿ ಸುತ್ತಿದ ಮೊಳೆಗಳನ್ನು ತಿರುಗಿಸಿ ಬಿಗಿ ಇಳಿಸತೊಡಗಿದ. ಒಂದೊಂದು ತಂತಿಯೂ ನರಳಿ ಸುಮ್ಮನಾಗುತ್ತಿತ್ತು. ಗುಜರಿಯವನು ಬೀದಿಯಲ್ಲಿ ಗಾಡಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಆಗ ಅವಳು ಮುಂಬಾಗಿಲಿನಿಂದ ಒಳಗೆ ಬಂದಳು. ಮನೆ ಎರಡಾದ ಮೇಲೆ ಅವಳು ಈ ಕಡೆ ಕಾಲಿಟ್ಟದ್ದು ಇದೇ ಮೊದಲು.

"ಗೆದ್ದಲು ಎಲ್ಲಿದೆ ಭಾವ?"

"ಒಳಗಡೆ ಇದೆ."

"ಮರ ಕಲ್ಲಿದ್ದಂಗಿದೆ."

ಕಿಡಿಗೆ ರೇಗಿತು. ನಾಚಿಕೆಯಾದಾಗಲೂ ಅವನಿಗೆ ಮೊದಲು ಬರುತ್ತಿದ್ದದ್ದು ಸಿಟ್ಟೇ. "ಏನಮ್ಮಾ, ಒಂದು ಹಳೇ ಪೆಟ್ಟಿಗೆ ಒಡೆಯೋದಕ್ಕೂ ನಿನ್ನ ಹತ್ರ ಅಪ್ಪಣೆ ಚೀಟಿ ತಗೋಬೇಕಾ?"

ಅವಳು ದನಿ ಏರಿಸಲಿಲ್ಲ. "ಅವತ್ತು ಮಧ್ಯಾಹ್ನ ನೀವು ಎರಡು ಸಲ ಗುದ್ದಿದ್ರಂತೆ. ಹಿಂದಿನ ಮನೆ ಅಜ್ಜಿ ಹೇಳಿದ್ರು. ಪಾಪ, ಅವರಿಗೇನು ಗೊತ್ತು. 'ಸಾಯೋ ದಿನಾನೂ ಅಣ್ಣ ತಮ್ಮ ಕಚ್ಚಾಡೋದು ಬಿಡ್ಲಿಲ್ಲ ನೋಡಮ್ಮ' ಅಂದ್ರು."

ಸ್ಪ್ಯಾನರ್ ಕಿಡಿಯ ಕೈಯಲ್ಲೇ ಉಳಿಯಿತು. ಕುಳಿತುಕೊಳ್ಳಲು ಏನೂ ಸಿಗದೆ ಕೀಗಳ ಚೀಲದ ಪಕ್ಕ ನೆಲಕ್ಕೇ ಕುಳಿತ.

"ರೇಡಿಯೊಗೆ ಬಡೀತಿದ್ದಾನೆ ಅಂದ್ಕೊಂಡೆ ಕಣಮ್ಮ."

"ಗೊತ್ತು."

"ಯಾವಾಗ ಹೇಳಿದ್ರು ಅಜ್ಜಿ?"

"ಆ ವಾರಾನೇ."

ಅಂದರೆ ಮೊದಲ ತಟ್ಟೆ ಬರುವ ಮುಂಚೆಯೇ. ಕಿಡಿ ತಲೆ ಎತ್ತದೆ ಕೇಳಿದ: "ಮತ್ತೆ ಊಟ ಯಾಕಮ್ಮ ಕಳಿಸ್ದೆ?"

"ನಿಮ್ಮ ತಮ್ಮ ಇದ್ದಾಗ ಹೇಳೋರು, ಅಣ್ಣಂಗೆ ಒಂದು ತಟ್ಟೆ ಕಳಿಸು ಅಂತ. ನಾನೇ ಕಳಿಸ್ತಿರ್ಲಿಲ್ಲ."

ಬೈದಿದ್ದರೆ ಕಿಡಿ ತಡೆದುಕೊಳ್ಳುತ್ತಿದ್ದ. ಬೈಗುಳ ಅವನಿಗೆ ಹೊಸದಲ್ಲ. ಅತ್ತಿದ್ದರೂ ಏನಾದರೊಂದು ಅನ್ನಬಹುದಿತ್ತು. ಅವಳು ಎರಡೂ ಮಾಡಲಿಲ್ಲ. ಕೀಗಳಿಲ್ಲದೆ ಹಲ್ಲುದುರಿದ ಬಾಯಿಯಂತಿದ್ದ ಪಿಯಾನೊವನ್ನು ಒಂದು ಗಳಿಗೆ ನೋಡಿ, "ಮಗು ಸ್ಕೂಲಿಂದ ಬರೋಷ್ಟರಲ್ಲಿ ಮುಗಿಸ್ಬಿಡಿ" ಎಂದು ಹೊರಟುಹೋದಳು.

ತಂತಿ ಬಿಗಿದಿದ್ದ ಎರಕದ ಕಬ್ಬಿಣದ ಚೌಕಟ್ಟು ದೊಡ್ಡ ಸುತ್ತಿಗೆಯ ಏಟಿಗೆ ಎರಡು ತುಂಡಾಯಿತು. ಗುಜರಿಯವನು ಬಂದು ತುಂಡುಗಳನ್ನು ಎಳೆದ, ಹಲಗೆಗಳನ್ನು ಹೊತ್ತ. ಎಷ್ಟೋ ತಮಾಷೆ ಹೇಳಿದ. ಕಿಡಿಯ ಮುಖ ನೋಡಿ ಆಮೇಲೆ ಬೇಗ ಬೇಗ ಗಾಡಿ ಹೇರಿದ. ಗಾಡಿ ತಿರುವಿನಾಚೆ ಹೋದ ಮೇಲೆ ಕಿಡಿ ಒಳಗೆ ಬಂದು ನೋಡಿದರೆ ಮನೆ ಮೊದಲಿನಂತೆ ಒಂದಾಗಿತ್ತು. ಆ ಕಡೆಯ ಕಿಟಕಿಯ ಬಿಸಿಲು ಈ ಕಡೆಯ ಗೋಡೆಗೆ ಬಿದ್ದಿತ್ತು. ತಮ್ಮ ಮಲಗುತ್ತಿದ್ದ ಮಂಚ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು.

ಅವಳು ಸ್ಟೂಲು ಹಾಕಿಕೊಂಡು ಗೋಡೆಯಿಂದ ಬೀರುವಿಗೆ ಹಗ್ಗ ಕಟ್ಟಿದಳು. ಹಗ್ಗಕ್ಕೆ ಬೆಡ್‌ಶೀಟು ಇಳಿಬಿಟ್ಟು, ಗಾಳಿಗೆ ಹಾರದಂತೆ ಬುಡಕ್ಕೆ ಪಾತ್ರೆ ಇಟ್ಟಳು.

ಕಿಡಿ ಈ ಕಡೆ ಕುಳಿತಿದ್ದ. ಶೀಟಿನಾಚೆ ಅವಳು ಮಂಚವನ್ನು ಹಿಂದಿನ ಗೋಡೆಗೆ ಸರಿಸಲು ನೋಡುತ್ತಿದ್ದಳು. ಮಂಚ ಜಗ್ಗಲಿಲ್ಲ. ಮತ್ತೆ ಎಳೆದಳು, ಏದುಸಿರು ಬಿಟ್ಟಳು. ಕಿಡಿ ಎದ್ದು ನಿಂತ. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಕರೆದರೆ ಹೋಗೋಣ ಎಂದು ಕಾದ.

ಅವಳು ಹಿಂಬಾಗಿಲು ತೆಗೆದು ಆಚೆ ಹೋದಳು. ಸ್ವಲ್ಪ ಹೊತ್ತಿಗೆ ಹಿಂದಿನ ಮನೆ ಅಜ್ಜಿಯ ಮಗ ಒಳಗೆ ಬಂದ ಸದ್ದಾಯಿತು.

"ಅಲ್ಲಮ್ಮ, ನಿಮ್ಮ ಭಾವ ಮನೇಲಿಲ್ವಾ?" ಎಂದ ಅವನು.

"ಇದ್ದಾರೆ. ನೀವು ಆ ಕಡೆ ಹಿಡ್ಕೊಳ್ಳಿ," ಎಂದಳು ಅವಳು.