ಅಮ್ಮನ ಚಿತ್ರಕ್ಕೆ ಯಾವ ಕಾಗದ?

"ಈಗ್ಲೇ ಆರಿಸ್ಬೇಡ ಮಾರಾಯ್ತಿ," ಎಂದ ಅಮ್ಮ ನನ್ನ ಕೈಯಲ್ಲಿದ್ದ ಮೂರೂ ಮಾದರಿ ಚೂರುಗಳನ್ನು ತೆಗೆದುಕೊಂಡು ಎದ್ದಳು.

ತೋಟದಲ್ಲಿ ಕಾಫಿ ಹೂವಾದದ್ದನ್ನು ಅವಳು ಹಿಂದೊಮ್ಮೆ ಜಲವರ್ಣದಲ್ಲಿ ಬಿಡಿಸಿದ್ದಳು. ಆ ಚಿತ್ರಕ್ಕೆ ಬೂಷ್ಟು ಹಿಡಿಯುತ್ತಿತ್ತು. ಪೂರ್ತಿ ಹಾಳಾಗುವ ಮೊದಲು ಪ್ರತಿ ತೆಗೆದು ಕಟ್ಟು ಹಾಕಿಸೋಣವೆಂದು, ಕಳಸದ ನಮ್ಮ ಮನೆಯ ಪ್ರಿಂಟರಿನಲ್ಲೇ ಹೊಳೆಯುವ ಫೋಟೊ ಪೇಪರು, ದಪ್ಪನೆಯ ಹತ್ತಿ ಕಾಗದ, ಕ್ಯಾನ್‌ವಾಸು ಮೂರರ ಮೇಲೂ ಸಣ್ಣದಾಗಿ ಮುದ್ರಿಸಿ ನೋಡಿದ್ದೆ. ನನಗಂತೂ ಹೊಳೆಯುವುದೇ ಹಿಡಿಸಿತ್ತು.

ಅಮ್ಮ ಅವನ್ನು ಒಯ್ದು ಹಿಂದಿನ ಕೋಣೆಯ ಗೋಡೆಗೆ ಪಿನ್ನು ಚುಚ್ಚಿದಳು. ಪ್ರತಿ ವರ್ಷ ಆಟಿ ತಿಂಗಳ ಜಡಿಮಳೆ ಬರುವಷ್ಟರಲ್ಲಿ ಕ್ಯಾಲೆಂಡರಿಗೂ ಬೂಷ್ಟು ಬರುವ ಗೋಡೆ ಅದು.

"ಬೇಸಿಗೇಲಿ ಎಲ್ಲ ಕಾಗದನೂ ಒಳ್ಳೇದೇ. ಒಂದು ಮಳೆಗಾಲ ಕಳೀಲಿ. ಯಾವುದು ತಡ್ಕೊಳ್ತದೆ ನೋಡಿ ನಾನೇ ಹೇಳ್ತೇನೆ."

ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಬಂದಾಗಿನಿಂದ ಅಮ್ಮ ಮುಂದಿನ ದಿನಗಳ ಮಾತನ್ನೇ ಬಿಟ್ಟಿದ್ದಳು. ಹೊಸ ಸೀರೆ ತಂದರೂ, ಉಡುವುದಕ್ಕೆ ನಾನಿರಬೇಕಲ್ಲ ಎಂದು ಬೀರುವಿಗೆ ಸೇರಿಸುತ್ತಿದ್ದಳು.

ಮೂರು ಚೂರುಗಳೂ ಆ ಗೋಡೆಯ ಮೇಲಿವೆ. ಯಾವುದು ಉಳಿಯುತ್ತದೋ ನನಗೆ ಗೊತ್ತಿಲ್ಲ. ಮಳೆ ನಿಂತ ಮೇಲೆ ಅಮ್ಮನಿಗೊಂದು ಕೆಲಸವಿದೆ, ನನಗೆ ಅಷ್ಟು ಸಾಕು.