ಎಂಟರ ಮೇಲೆ ನಾಲ್ಕು

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನವನು ಬಾರದ ದಿನಕ್ಕೊಂದು ಅಡ್ಡಗೆರೆ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನಕ್ಕೊಂದು ಸೊನ್ನೆ ಇರುತ್ತವೆ. ಎರಡೂ ನನ್ನ ಕೈಯವು. ಆ ತಿಂಗಳು ಅವುಗಳ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಬರೆದ ಎಂಟು ಬಂದು ಕೂತಿತು. ಮೇಲಿನ ಸೊನ್ನೆ ದೊಡ್ಡದು, ಕೆಳಗಿನದು ಚಿಕ್ಕದು. ಯಾದಗಿರಿಯ ನಮ್ಮ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ ಹತ್ತು ಸಲ ತಿದ್ದಿಸುತ್ತಿದ್ದರು.

ಅದು ನನ್ನ ಯಜಮಾನರ ಬೈಕಿನ ಲೆಕ್ಕ. ಅವರು ಶಹಾಪುರದ ಕಾಲುವೆ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ವಾರವಿಡೀ ಬಸ್ಸಿನಲ್ಲಿ ಓಡಾಡುವ ಮನುಷ್ಯ, ರವಿವಾರ ಬಂದರೆ ಮುಂದಕ್ಕೆ ಬಗ್ಗಿ ಓಡಿಸುವ ಆ ರೇಸಿನ ಗಾಡಿ ಹತ್ತುತ್ತಾರೆ. ಹಿಂದಿನ ಸೀಟು ಗುಬ್ಬಿ ಕೂರುವಷ್ಟಿದೆ. ಒಮ್ಮೆ ಸುರಪುರದ ತನಕ ಅದರ ಮೇಲೆ ಕೂತು ಹೋಗಿದ್ದೆ. ಇಳಿದ ಮೇಲೆ ನೆಟ್ಟಗೆ ನಿಲ್ಲಲು ಗೋಡೆ ಬೇಕಾಯಿತು. ನನಗಿಂತ ಆ ಗಾಡಿಯ ಮೈಗೇ ಅವರ ಕೈ ಹೆಚ್ಚು ತಾಗಿದೆ ಎಂದು ನಾನು ಗೊಣಗಿದಾಗ ನಮ್ಮ ಅತ್ತೆ ಶೇಂಗಾ ಸುಲಿಯುತ್ತಲೇ ಹೇಳಿದ್ದರು, “ಸವತಿಗೆ ಎರಡು ಕಾಲ ಇರಬೇಕಂತ ಎಲ್ಲಿ ಅದ? ಎರಡು ಗಾಲಿ ಇದ್ರೂ ನಡೀತದ.”

ಗಾಡಿಯ ಮೇಲಿನ ಸಿಟ್ಟು ನನಗೆ ರೂಢಿಯಾಗಿತ್ತು. ಎಂಟರ ಮೇಲಿನದು ಬೇರೆಯೇ.

ಯಜಮಾನರು ಓದಿದ್ದು ಕಕ್ಕೇರಾದಲ್ಲಿ, ಕನ್ನಡ ಶಾಲೆಯಲ್ಲಿ. ಮದುವೆಯಾದ ದಿನದಿಂದ ಇಂಗ್ಲಿಷಿನಲ್ಲಿ ಬಂದದ್ದೆಲ್ಲ ನನ್ನ ಮುಂದೆ ಬರುತ್ತಿತ್ತು: ಔಷಧಿಯ ಚೀಟಿ, ಬ್ಯಾಂಕಿನ ಪತ್ರ, ಮಿಕ್ಸರಿನ ಜೊತೆ ಬಂದ ಪುಸ್ತಕ. ಹೊಲಿಗೆ ಮಷಿನ್ ಪಕ್ಕ ಬಂದು ನಿಂತು, “ಓದಿ ಹೇಳು” ಎನ್ನುವರು. ನಾನು ಓದಿ ಹೇಳುವೆ. ನನ್ನ ಕಾನ್ವೆಂಟಿಗೆ ಈ ಮನೆಯಲ್ಲಿ ಇದ್ದ ಕೆಲಸ ಅದೊಂದೇ. ನಾನು ಅದನ್ನು ಎಷ್ಟು ಜೋಪಾನ ಮಾಡಿಕೊಂಡಿದ್ದೆ ಎಂದು ಅದು ಕೈತಪ್ಪಿದಾಗಲೇ ನನಗೂ ತಿಳಿದದ್ದು.

ಬೈಕಿಗೆ ಹೊಸ ಹಿಂದಿನ ಶಾಕಪ್ ತರಿಸಿದರು. ಗುಂಡಿಯ ಏಟನ್ನು ಹೀರುವ ಆ ಸ್ಪ್ರಿಂಗಿನ ಕಂಬ ಹೊಳೆಯುವ ಡಬ್ಬಿಯಲ್ಲಿ ಬಂತು, ಜೊತೆಗೆ ಇಂಗ್ಲಿಷಿನ ಒಂದು ತೆಳ್ಳನೆಯ ಪುಸ್ತಕ. ನಾನು ಕೈ ಒರೆಸಿಕೊಂಡು ಕಾದೆ. ಅವರು ಪುಟಗಳ ಫೋಟೊ ಹೊಡೆದು ನಾರಾಯಣಪುರದ ಮೇಡಂಗೆ ಕಳಿಸಿಬಿಟ್ಟರು.

ಮೇಡಂ ಡ್ಯಾಮಿನ ಕ್ವಾರ್ಟರ್ಸಿನಲ್ಲಿರುವ ಇಂಜಿನಿಯರು. ಅವರದೂ ಅಂಥದೇ ಒಂದು ಗಾಡಿ ಇದೆ. ಮುಂದಿನ ರವಿವಾರ ಅದರ ಮೇಲೆಯೇ ನಮ್ಮ ಮನೆಗೆ ಬಂದರು. ಕತ್ತರಿಸಿದ ಉಗುರು, ಗಡಿಯಾರದ ಪಟ್ಟಿಯಷ್ಟೇ ಬೆಳ್ಳಗುಳಿದ ಮಣಿಕಟ್ಟು. ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ನನ್ನನ್ನು ವೈನಿ ಎಂದರು, ಚಹಾ ಚೆನ್ನಾಗಿದೆ ಎಂದರು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಆಮೇಲೆ ನನ್ನ ಮಷಿನ್ನಿನ ಡಬ್ಬಿಯಿಂದ ಹೊಲಿಗೆಯ ಟೇಪು ಹೊರಗೆ ಹೋಯಿತು. ಹೊಸ ಶಾಕಪ್ ಕೂಡಿಸಿದ ಬೈಕಿನ ಮೇಲೆ ಯಜಮಾನರು ಕೂತರು, ಅವರ ಭಾರಕ್ಕೆ ಹಿಂಭಾಗ ಎಷ್ಟು ಇಳಿಯುತ್ತದೆ ಎಂದು ಮೇಡಂ ಬಗ್ಗಿ ಅಳೆದರು. “ಇಳಿರಿ, ಮತ್ತ ಕುಂದರ್ರಿ” ಎಂದರೆ ಅವರು ಇಳಿದು ಮತ್ತೆ ಕೂತರು. ಅಂಗಿಯ ಅಳತೆಗೆ ಅರೆಗಳಿಗೆ ಸುಮ್ಮನೆ ನಿಲ್ಲದ ಮನುಷ್ಯ. ನಾನು ಬಾಗಿಲಲ್ಲಿ ಲೋಟ ಹಿಡಿದು ನೋಡುತ್ತಿದ್ದೆ. ಕೊನೆಗೆ ಮೇಡಂ ಶಾಕಪ್ಪಿನ ಬುಡದಲ್ಲಿರುವ ಸಣ್ಣ ತಿರುಪನ್ನು ಪೂರ್ತಿ ಬಿಗಿದು, ಅಲ್ಲಿಂದ ಎಂಟು ಕ್ಲಿಕ್ ಬಿಚ್ಚಿದರು. ಒತ್ತಿದ ಸ್ಪ್ರಿಂಗು ಎಷ್ಟು ಬೇಗ ಮೇಲೇಳಬೇಕು ಎಂಬುದನ್ನು ಅದು ಹೇಳುತ್ತದಂತೆ. ಮರೆಯಬಾರದೆಂದು ಒಳಗೆ ಬಂದು ನನ್ನ ಕ್ಯಾಲೆಂಡರಿನಲ್ಲಿ ಎಂಟು ಬರೆದರು, ನನ್ನದೇ ಪೆನ್ನಿನಿಂದ. ಟೇಪು ವಾಪಸ್ ಬಂದಾಗ ಅದಕ್ಕೆ ಗ್ರೀಸ್ ಹತ್ತಿತ್ತು.

ಅಂದು ಸಂಜೆಯೇ ಯಜಮಾನರು ಸುರಪುರದ ತನಕ ಓಡಿಸಿ ನೋಡಿದರು. ಆ ವಾರವೆಲ್ಲ ಮನೆಯಲ್ಲಿ ಎಂಟಿನದೇ ಮಾತು. ಸುರಪುರದ ದಾರಿಯಲ್ಲಿ ಹಂಪಿನ ಹಿಂದೆ ಹಂಪು ಬಂದರೆ ಹಿಂಭಾಗ ಕುಸಿದು ಕಲ್ಲಾಗುತ್ತದೆ ಎಂದು ಇವರು ಫೋನಿನಲ್ಲಿ ಹೇಳಿದರೆ, ಹೊಸದು, ಹೊಂದಿಕೊಳ್ಳಲಿ ಬಿಡಿ ಎಂದು ಮೇಡಂ ಹೇಳುತ್ತಿದ್ದರು. ನಾನು ರೊಟ್ಟಿ ತಟ್ಟುತ್ತ ಕ್ಯಾಲೆಂಡರಿಗೆ ಬೆನ್ನು ಮಾಡಿ ನಿಲ್ಲುವುದನ್ನು ಕಲಿತೆ.

ಶನಿವಾರ ಮಧ್ಯಾಹ್ನ ಯಜಮಾನರು ಆಫೀಸಿನಲ್ಲಿ, ಅತ್ತೆ ಮಲಗಿದ್ದರು. ಖಾಲಿ ಡಬ್ಬಿಯಲ್ಲಿ ಬಿದ್ದಿದ್ದ ಆ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಬಲಕ್ಕೆ ತಿರುಗಿಸಿದರೆ ನಿಧಾನ, ಎಡಕ್ಕೆ ತಿರುಗಿಸಿದರೆ ಚುರುಕು. ಮಷಿನ್ನಿನ ಬಾಬಿನ್ ತಿರುಪು ಸಡಿಲಿಸುವ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಹೊರಗಿನ ಪಡಸಾಲೆಗೆ ಹೋಗಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಎಡಕ್ಕೆ. ಕಟ್. ಬೆರಳ ತುದಿಗಷ್ಟೇ ಗೊತ್ತಾಗುವ ಸದ್ದು. ಇನ್ನೊಂದು, ಮತ್ತೊಂದು. ನಾಲ್ಕನೆಯದಕ್ಕೆ ಅತ್ತೆ ಒಳಗೆ ಕೆಮ್ಮಿದರು, ನಾನು ಎದ್ದುಬಿಟ್ಟೆ. ಅವರು ಕೆಮ್ಮದಿದ್ದರೆ ಎಷ್ಟಕ್ಕೆ ನಿಲ್ಲುತ್ತಿದ್ದೆನೋ. ಗಾಡಿಯನ್ನು ಸರಿ ಮಾಡಬೇಕೆಂದು ತಿರುಗಿಸಿದೆ ಎಂದು ಈಗಲೂ ನಾನು ಹೇಳಲಾರೆ. ಆ ಎಂಟು ಎಂಟಾಗಿ ಉಳಿಯಬಾರದಿತ್ತು, ಅಷ್ಟೇ.

ರವಿವಾರ ಬೆಳಿಗ್ಗೆ ಅವರು ಹೆಲ್ಮೆಟ್ ಹಾಕಿಕೊಳ್ಳುವಾಗ ಹೇಳಿಬಿಡಬೇಕೆಂದು ಬಾಗಿಲಿಗೆ ಬಂದೆ. “ಏನು?” ಎಂದರು. “ಸಾವಕಾಶ ಹೋಗ್ರಿ” ಎಂದಷ್ಟೇ ಬಾಯಿಗೆ ಬಂತು. ಅವರು ಸುರಪುರಕ್ಕೆ ಹೋಗಿ ಬರುವ ತನಕ ಮೂರು ರೊಟ್ಟಿ ಸೀದವು. ರಸ್ತೆಯಲ್ಲಿ ಯಾವ ಗಾಡಿ ಸದ್ದು ಮಾಡಿದರೂ ಕಿವಿ ಅತ್ತ. ಪುಸ್ತಕದಲ್ಲಿ ಎಚ್ಚರಿಕೆಯ ಮಾತು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದದ್ದು ಆಗ ಕಣ್ಣಿಗೆ ಕಟ್ಟಿತು. ಓದುವಾಗ ಅದನ್ನು ದಾಟಿ ಹೋಗಿದ್ದೆ.

ಅವರು ಬಂದರು, ನಗುತ್ತ ಬಂದರು. ಬೂಟು ಬಿಚ್ಚುವ ಮೊದಲೇ ಫೋನ್ ಹಚ್ಚಿದರು. “ಮೇಡಂ, ನೀವು ಹೇಳಿದ್ದ ಖರೆ ಆತು ನೋಡ್ರಿ. ಹಂಪ್ ಮ್ಯಾಲ ಹಂಪ್ ಬಂದ್ರೂ ಗಾಡಿ ಬೆಣ್ಣಿಯಾಗ ಹೋದಂಗ ಹೋತು.”

ಬೆಳಗಿನಿಂದ ಬಡಿದುಕೊಂಡ ನನ್ನ ಎದೆ ಒಂದು ಕ್ಷಣ ತಂಪಾಯಿತು. ಮರುಕ್ಷಣವೇ ಉರಿಯಿತು. ನಾನು ಬಿಚ್ಚಿದ ನಾಲ್ಕು ಕ್ಲಿಕ್ಕಿನ ಹೊಗಳಿಕೆ ನಾರಾಯಣಪುರಕ್ಕೆ ಹೋಗುತ್ತಿತ್ತು. ತಡೆಯಬೇಕೆಂದರೆ ಕದ್ದು ತಿರುಗಿಸಿದ್ದನ್ನು ಒಪ್ಪಿಕೊಳ್ಳಬೇಕು. ಫೋನ್ ಇಡುವ ತನಕ ಕಾದೆ.

“ಅದು ಎಂಟಿಲ್ರಿ. ಹನ್ನೆರಡು ಅದ.”

“ಯಾರು ಹೇಳಿದ್ರು ನಿನಗ?”

“ನಾನ ತಿರುವೀನಿ.”

ಅವರು ಸ್ಕ್ರೂಡ್ರೈವರ್ ತಗೊಂಡು ಹೋಗಿ, ತಿರುಪು ಬಿಗಿಯುತ್ತ ಎಣಿಸಿದರು. ಹನ್ನೆರಡಕ್ಕೆ ಅದು ನಿಂತಿತು. ಮತ್ತೆ ಅಷ್ಟನ್ನೇ ಬಿಚ್ಚಿ, ಕೂತಲ್ಲಿಂದಲೇ ನನ್ನತ್ತ ತಿರುಗಿದರು. “ಯಾಕ ತಿರುವಿದಿ?”

ಪುಸ್ತಕದಲ್ಲಿ ಹಾಗೇ ಇದೆ ಎಂದು ಹೇಳಬಹುದಿತ್ತು. ಹಂಪಿನ ಮೇಲೆ ಕುಸಿದರೆ ಎಡಕ್ಕೆ ಬಿಚ್ಚಿ ಎಂಬ ಸಾಲು ಅಲ್ಲಿ ನಿಜವಾಗಿಯೂ ಇತ್ತು. ಅವರು ನಂಬುತ್ತಿದ್ದರು, ಬೆನ್ನೂ ತಟ್ಟುತ್ತಿದ್ದರು. ಆದರೆ ಅವರಿಗೆ ಓದಿ ಹೇಳುವಾಗ ನಾನು ಎಂದೂ ಒಂದು ಸಾಲನ್ನೂ ಹೆಚ್ಚು ಕಡಿಮೆ ಮಾಡಿದವಳಲ್ಲ.

“ಮೇಡಂ ಬರೆದ ಎಂಟು ನನಗ ನೋಡಾಕ ಆಗ್ಲಿಲ್ಲ,” ಎಂದೆ. “ನೀವು ಆ ಪುಸ್ತಕ ನನ್ನ ಕೈಯಾಗ ಕೊಡಲೇ ಇಲ್ಲ.”

“ಅದರ ಮ್ಯಾಲ ನಾನ ಕುಂದರತೀನಿ ಅಂತ ಗೊತ್ತಿತ್ತಿಲ್ಲ ನಿನಗ?”

“ಗೊತ್ತಿತ್ರಿ.”

ಊಟಕ್ಕೆ ಕೂತಾಗ ಯಜಮಾನರು ನಾನು ಬಡಿಸುವುದಕ್ಕೆ ಕಾಯದೆ ಪುಂಡಿಪಲ್ಲೆ ಹಾಕಿಕೊಂಡರು. ಅತ್ತೆ ಒಮ್ಮೆ ಮಗನನ್ನು ನೋಡಿದರು, ಒಮ್ಮೆ ನನ್ನನ್ನು, ಸೀದ ರೊಟ್ಟಿಯನ್ನು ತಾವೇ ಹಾಕಿಕೊಂಡರು.

ಬಿಸಿಲು ಇಳಿದ ಮೇಲೆ ರವಿಕೆಯ ತೋಳು ಕೂಡಿಸುತ್ತಿದ್ದೆ. ಮಷಿನ್ ಪಕ್ಕ ನೆರಳು ಬಿತ್ತು. ಪುಸ್ತಕ ನನ್ನ ಬಟ್ಟೆಯ ಮೇಲೆ ಬಂತು.

“ಇನ್ನೇನೇನು ಅದ ಇದರಾಗ? ಓದಿ ಹೇಳು. ಇನ್ನ ಮ್ಯಾಲ ಕೇಳದ ಕೈ ಹಚ್ಚಬ್ಯಾಡ.”

ಎರಡನೆಯ ಪುಟಕ್ಕೆ ಬಂದಿದ್ದೆವು, ಮೇಡಂ ಫೋನ್ ಬಂತು. ನಮ್ಮ ಮನ್ಯಾಕಿ ನಾಲ್ಕು ಬಿಚ್ಚ್ಯಾಳ್ರಿ ಎಂದು ಇವರು ಹೇಳಿಯೇಬಿಟ್ಟರು, ಯಾಕೆಂದು ಮಾತ್ರ ಹೇಳಲಿಲ್ಲ. ಅತ್ತ ದೊಡ್ಡ ನಗು. ಫೋನ್ ನನ್ನ ಕೈಗೆ ಬಂತು. ಹಂಪಿನ ಸಾಲಿರುವ ಪುಟದ ಫೋಟೊ ಮಸುಕಾಗಿ ಬಂದಿತ್ತು, ಇನ್ನೊಮ್ಮೆ ಹೊಡೆದು ಕಳಿಸ್ತೀರೇನು ವೈನಿ ಎಂದು ಕೇಳಿದರು. ಒಂದು ನಿಮಿಷದ ಕೆಲಸ.

“ಫೋಟೊ ಯಾಕ್ರಿ ಮೇಡಂ,” ಎಂದೆ, “ನಾನ ಓದಿ ಹೇಳತೀನಿ.”

ನೆಟ್ಟಗೆ ಕೂತು, ಸಿಸ್ಟರ್ ಕಲಿಸಿದ ಹಾಗೆ ಅಲ್ಪವಿರಾಮಕ್ಕೊಮ್ಮೆ ನಿಂತು, ಪುಟದ ಮೇಲಿನ ಮೂಲೆಯಿಂದ ಕೆಳಗಿನ ಅಂಕಿಯವರೆಗೆ, ದಪ್ಪ ಅಕ್ಷರದ್ದನ್ನೂ ಬಿಡದೆ, ಇಂಗ್ಲಿಷಿನಲ್ಲಿ ಓದಿದೆ. ನಡುವೆ ಅವರು ಎರಡು ಸಲ “ಗೊತ್ತಾತ್ರಿ ವೈನಿ” ಎಂದರು. ನಾನು ನಿಲ್ಲಿಸಲಿಲ್ಲ.